ಡಿಸ್ಕ್ ಬರೆಯುವ ಕೆಲಸ ನಮ್ಮ ಕೈಗೆ ಬರಲಿ



ವಿಡಿಯೊ ತೆಗೆಯೋದು ನಮಗೆ ಬಂತು. ಕತ್ತರಿಸಿ ಜೋಡಿಸೋದೂ ಬಂತು. ಹಾಸ್ಟೆಲಿನ ಒಂದು ಸಾಲು ರೂಮು ಹುಡುಕಿದರೆ ಎಡಿಟಿಂಗ್ ಬಲ್ಲ ಒಬ್ಬನಾದರೂ ಸಿಗುತ್ತಾನೆ. ಊರ ತಮಟೆ, ಅವ್ವಂದಿರ ಸೋಬಾನೆ, ಅಜ್ಜ ಹೇಳುವ ಜೀತದ ದಿನಗಳ ಕತೆ, ಮಳೆಗಾಲದಲ್ಲಿ ಮುಳುಗುವ ಕೇರಿ, ಸಭೆಯ ಭಾಷಣ, ಎಲ್ಲ ಹಿಡಿಯುತ್ತಿದ್ದೇವೆ. ಒಳ್ಳೆಯದೇ ಆಯಿತು. ಆದರೆ ಹಿಡಿದದ್ದು ಎಲ್ಲಿದೆ?

ಫೋನಿನಲ್ಲಿದೆ. ಫೋನ್ ಬಸ್ಸಿನಲ್ಲಿ ಕಳೆದರೆ ಹೋಯಿತು. ಮೆಮೊರಿ ತುಂಬಿದೆ ಅಂತ ಅಳಿಸಿದರೆ ಹೋಯಿತು. ಲ್ಯಾಪ್‌ಟಾಪಿಗೆ ವೈರಸ್ ಬಂದು ಅಂಗಡಿಯವನು ಫಾರ್ಮ್ಯಾಟ್ ಮಾಡಿದರೆ ಹೋಯಿತು. ಯಾರದ್ದೋ ಖಾತೆಗೆ ಏರಿಸಿದ್ದರೆ, ಪಾಸ್‌ವರ್ಡ್ ಗೊತ್ತಿದ್ದವನು ಓದು ಮುಗಿಸಿ ಹಾಸ್ಟೆಲ್ ಬಿಟ್ಟ ದಿನ ಅದೂ ಹೋಯಿತು. ಅಜ್ಜ ಮಾತ್ರ ಮತ್ತೆ ಬಂದು ಎರಡನೇ ಸಲ ಹೇಳುವುದಿಲ್ಲ.

ಅದಕ್ಕೇ ನನ್ನ ವಾದ ಇಷ್ಟು: ಎಡಿಟ್ ಮಾಡಿದ ಕೂಡಲೆ ಕೆಲಸ ಮುಗಿಯುವುದಿಲ್ಲ. ಅದನ್ನು ಡಿಸ್ಕಿಗೆ ಬರೆದು, ಬೇರೆಯವರ ಮನೆಯ ಪೆಟ್ಟಿಗೆಯಲ್ಲಿ ಹಾಕಿ, ಓಡಿತು ಅಂತ ಕಣ್ಣಾರೆ ಕಂಡ ಮೇಲೆ ಮುಗಿಯುತ್ತದೆ. ಮತ್ತು ಆ ಕೆಲಸವನ್ನು ನಾವೇ ಕಲಿಯಬೇಕು. ಸ್ಟುಡಿಯೊದವನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬಾರದು.

“ಡಿಸ್ಕಾ? ಈಗ ಯಾರಪ್ಪ ಡಿಸ್ಕ್ ನೋಡ್ತಾರೆ?” ಅಂತ ನೀವು ನಗಬಹುದು. ನಗುವುದರಲ್ಲಿ ಅರ್ಧ ನಿಜ ಇದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಹೋಗಿದೆ. ನಮ್ಮ ದೇಶದಲ್ಲೇ ಡಿಸ್ಕ್ ತಯಾರಿಸಿ, 2007ರ ಹೊತ್ತಿಗೆ ಸಿನಿಮಾ ಡಿಸ್ಕುಗಳನ್ನು ಅಗ್ಗದ ಬೆಲೆಗೆ ಬೀದಿಗೆ ತಂದ ಮೋಸರ್ ಬೇಯರ್ ಕಂಪನಿ 2018ರಲ್ಲಿ ಮುಳುಗಿತು. ಬರೆಯಬಹುದಾದ ಬ್ಲೂರೇ ಡಿಸ್ಕಿನ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಇದೆಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ.

ಆದರೂ ಯಾಕೆ ಡಿಸ್ಕ್? ಒಂದು, ಒಂದೇ ಸಲ ಬರೆಯುವ ಡಿಸ್ಕಿನಲ್ಲಿ ಬರೆದದ್ದನ್ನು ಆಮೇಲೆ ಯಾರೂ ಅಳಿಸಿ ಬೇರೆ ಸೇರಿಸಲಾರರು. ಪೆನ್‌ಡ್ರೈವ್ ಹಾಗಲ್ಲ, ಕೊಟ್ಟವನ ಕೈಯಲ್ಲೇ ಸಿನಿಮಾ ತುಂಬಿಕೊಂಡು ವಾಪಸ್ ಬರುತ್ತದೆ. ಎರಡು, ಇದಕ್ಕೆ ಖಾತೆ ಬೇಡ, ನೆಟ್ ಬೇಡ, ಯಾವ ಕಂಪನಿಯ ಅಪ್ಪಣೆಯೂ ಬೇಡ. ಮೂರು, ಊರಿನ ಎಷ್ಟೋ ಮನೆಗಳ ಟಿ.ವಿ. ಕೆಳಗೆ ಹಳೇ ಡಿ.ವಿ.ಡಿ. ಪ್ಲೇಯರು ದೂಳು ತಿನ್ನುತ್ತಾ ಕೂತಿದೆ. ಓದು ಬರದ ಅವ್ವ ಕೂಡ ತಟ್ಟೆ ಹೊರಗೆಳೆದು, ಡಿಸ್ಕ್ ಇಟ್ಟು, ತನ್ನ ಹಾಡನ್ನು ತಾನೇ ನೋಡಬಹುದು. ಲಿಂಕ್ ಕಳಿಸಿದರೆ ಅವಳು ಮಗನನ್ನು ಕಾಯಬೇಕು.

ಈಗ ಕಲಿಯುವ ಮಾತಿಗೆ ಬರೋಣ. ಹೊಸಬರೆಲ್ಲ ಬೀಳುವ ಮೊದಲ ಗುಂಡಿ ಒಂದಿದೆ. ಎಡಿಟ್ ಮಾಡಿ ‘ಸೇವ್’ ಒತ್ತುತ್ತಾರೆ. ಒಂದು ಪ್ರಾಜೆಕ್ಟ್ ಫೈಲು ಹುಟ್ಟುತ್ತದೆ. ಅದನ್ನೇ ಡಿಸ್ಕಿಗೆ ಹಾಕಿ ಊರಿಗೆ ಒಯ್ಯುತ್ತಾರೆ. ಅಲ್ಲಿ ಏನೂ ಓಡುವುದಿಲ್ಲ. ಯಾಕೆ? ಪ್ರಾಜೆಕ್ಟ್ ಫೈಲಿನಲ್ಲಿ ಚಿತ್ರ ಇಲ್ಲ. ಯಾವ ಚೂರು ಎಲ್ಲಿದೆ, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕು, ಯಾವುದರ ಮೇಲೆ ಯಾವ ಹಾಡು, ಇಷ್ಟೇ ಬರೆದಿದೆ. ಅದು ಸಾಮಾನಿನ ಚೀಟಿ, ಊಟ ಅಲ್ಲ. ಚೀಟಿ ಬಡಿಸಿದರೆ ಹೊಟ್ಟೆ ತುಂಬುತ್ತದಾ? ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ‘ಎಕ್ಸ್‌ಪೋರ್ಟ್’ ಅಥವಾ ‘ರೆಂಡರ್’ ಅನ್ನುವುದಿದೆ. ಅದನ್ನು ಒತ್ತಿದಾಗಲೇ ಚೂರುಗಳೆಲ್ಲ ಬೆಂದು ಒಂದು ವಿಡಿಯೊ ಆಗುವುದು. ಅದಾಗುವ ತನಕ ಮೂಲ ಚೂರುಗಳನ್ನು ಜಾಗ ಬದಲಿಸಬೇಡಿ, ಹೆಸರು ಬದಲಿಸಬೇಡಿ. ಚೀಟಿಯಲ್ಲಿರುವ ವಿಳಾಸ ತಪ್ಪುತ್ತದೆ.

ಎರಡನೇ ಗುಂಡಿ ಇನ್ನೂ ಆಳದ್ದು. ವಿಡಿಯೊ ತಯಾರಾಯಿತು, ಎಂಪಿ-4 ಫೈಲು. ಅದನ್ನು ಹಾಗೇ ಎಳೆದು ಖಾಲಿ ಡಿಸ್ಕಿಗೆ ಬಿಟ್ಟರು. ಕಂಪ್ಯೂಟರಿನಲ್ಲಿ ಓಡಿತು, ಅವ್ವನ ಪ್ಲೇಯರಿನಲ್ಲಿ ಓಡಲಿಲ್ಲ. ಇಲ್ಲಿ ಎರಡು ಜಾತಿಯ ಡಿಸ್ಕ್ ಇದೆ ಅಂತ ತಿಳಿಯಬೇಕು (ಜಾತಿ ಅನ್ನೋ ಮಾತು ಇಲ್ಲಿಗಾದರೂ ಉಪಯೋಗಕ್ಕೆ ಬರಲಿ). ಒಂದು ಡೇಟಾ ಡಿಸ್ಕ್, ಅಂದರೆ ಫೈಲು ತುಂಬುವ ಚೀಲ. ಇನ್ನೊಂದು ಡಿ.ವಿ.ಡಿ. ವಿಡಿಯೊ. ಹಳೇ ಪ್ಲೇಯರಿಗೆ ಗ್ಯಾರಂಟಿಯಾಗಿ ಅರ್ಥವಾಗುವುದು ಎರಡನೆಯದು ಮಾತ್ರ. ಅದರಲ್ಲಿ ಚಿತ್ರ ಎಂಪೆಗ್-2 ರೂಪದಲ್ಲಿರಬೇಕು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಚಿತ್ರ. ಧ್ವನಿ 48 ಕಿಲೊಹರ್ಟ್ಸ್. ಇವೆಲ್ಲ ಸೇರಿ ವಿಡಿಯೊ-ಟಿ.ಎಸ್. ಅನ್ನುವ ಫೋಲ್ಡರಿನೊಳಗೆ ತಮ್ಮ ತಮ್ಮ ಜಾಗದಲ್ಲಿ ಕೂರಬೇಕು.

ಹೆದರಬೇಡಿ. ಇದನ್ನು ಕೈಯಲ್ಲಿ ಮಾಡಬೇಕಾಗಿಲ್ಲ. ಹಿಂದೆ ವಿಂಡೋಸ್ 7ರ ಕೆಲವು ಆವೃತ್ತಿಗಳ ಜೊತೆಗೆ ಡಿ.ವಿ.ಡಿ. ಮೇಕರ್ ಬರುತ್ತಿತ್ತು, 2012ರಲ್ಲಿ ವಿಂಡೋಸ್ 8 ಬಂದಾಗ ತೆಗೆದುಬಿಟ್ಟರು. ಈಗ ಡಿ.ವಿ.ಡಿ. ಸ್ಟೈಲರ್ ಎಂಬುದಿದೆ, ದುಡ್ಡಿಲ್ಲದೆ ಸಿಗುತ್ತದೆ. ನಿಮ್ಮ ವಿಡಿಯೊ ಅದಕ್ಕೆ ಕೊಟ್ಟು, ಪಾಲ್ ಅಂತ ಆರಿಸಿದರೆ ಉಳಿದದ್ದನ್ನು ಅದೇ ಮಾಡುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ ಬರೆಯುವುದಕ್ಕೆ ಕೆ-3-ಬಿ ಅಥವಾ ಬ್ರಸೆರೊ, ವಿಂಡೋಸಿನಲ್ಲಿ ಇಮ್ಗ್‌ಬರ್ನ್. ಯಾವುದಕ್ಕೂ ಕಾಸಿಲ್ಲ. ಸ್ಟುಡಿಯೊದವರು ಇದನ್ನು ಮಂತ್ರದ ಹಾಗೆ ಮುಚ್ಚಿಡುತ್ತಾರೆ. ಮಂತ್ರ ಏನೂ ಇಲ್ಲ, ನಾಲ್ಕು ಗುಂಡಿ ಒತ್ತುವ ಕೆಲಸ. ಗೊತ್ತಿಲ್ಲದವನಿಗೆ ಮಾತ್ರ ಅದು ಪುರೋಹಿತಗಿರಿ.

ಲೆಕ್ಕ ಒಂದು ಕಲಿಯಿರಿ. ಸಾಮಾನ್ಯ ಡಿ.ವಿ.ಡಿ. ಮೇಲೆ 4.7 ಜಿ.ಬಿ. ಅಂತ ಬರೆದಿರುತ್ತದೆ. ವಿಂಡೋಸ್ ಅದನ್ನು 4.37 ಅಂತ ತೋರಿಸುತ್ತದೆ. ಮೋಸ ಅಲ್ಲ, ಒಬ್ಬರು ಸಾವಿರದ ಲೆಕ್ಕ ಹಿಡಿದಿದ್ದಾರೆ, ಇನ್ನೊಬ್ಬರು 1024ರ ಲೆಕ್ಕ. ಒಂದು ಗಂಟೆಯ ವಿಡಿಯೊ ಆದರೆ ಸೆಕೆಂಡಿಗೆ 8 ಮೆಗಾಬಿಟ್ ಕೊಟ್ಟರೂ ಹಿಡಿಯುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಎರಡು ಗಂಟೆ ಆದರೆ ನಾಲ್ಕೂವರೆಗೆ ಇಳಿಸಬೇಕು. ಮೂರು ಗಂಟೆಯ ಸಭೆಯನ್ನು ಒಂದೇ ಡಿಸ್ಕಿಗೆ ತುರುಕಿದರೆ ಮುಖಗಳು ಚೌಕ ಚೌಕ ಒಡೆಯುತ್ತವೆ. ನಮ್ಮ ಜನದ ಮುಖ ಒಡೆಯುವುದು ಬೇಡ. ಎರಡು ಡಿಸ್ಕ್ ಮಾಡಿ, ಇಲ್ಲವೇ ಭಾಷಣ ಕತ್ತರಿಸಿ. ಕತ್ತರಿಸಿದರೆ ಕೇಳುವವರಿಗೂ ಉಪಕಾರ.

ಫೋನಿನಲ್ಲಿ ತೆಗೆದದ್ದಕ್ಕೆ ಎರಡು ಎಚ್ಚರ. ಫೋನು ಬೆಳಕು ನೋಡಿಕೊಂಡು ಸೆಕೆಂಡಿಗೆ ಇಷ್ಟು ಚಿತ್ರ ಅನ್ನುವುದನ್ನು ಹೆಚ್ಚು ಕಮ್ಮಿ ಮಾಡುತ್ತಿರುತ್ತದೆ. ಎಡಿಟ್ ಮಾಡುತ್ತಾ ಹೋದಂತೆ ಬಾಯಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಒಂದೇ ವೇಗಕ್ಕೆ ಬದಲಿಸಿಕೊಂಡು ಆಮೇಲೆ ಕತ್ತರಿ ಹಿಡಿಯಿರಿ. ಇನ್ನೊಂದು, ಫೋನನ್ನು ಅಡ್ಡ ಹಿಡಿದು ತೆಗೆಯಿರಿ. ನೆಟ್ಟಗೆ ಹಿಡಿದದ್ದು ಟಿ.ವಿ.ಯಲ್ಲಿ ಎರಡು ಕಪ್ಪು ಗೋಡೆಗಳ ನಡುವೆ ಸಿಕ್ಕಿಕೊಂಡ ಹಾಗೆ ಕಾಣುತ್ತದೆ.

ಕನ್ನಡದ ಪಾಡು ಬೇರೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರುಗಳಿಗೆ ನಮ್ಮ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಅಸ್ಪೃಶ್ಯತೆ’ ಅಂತ ಬರೆದರೆ ಅಕ್ಷರ ಚೆಲ್ಲಾಪಿಲ್ಲಿ. ಆಗ ಇಂಗ್ಲಿಷಿನಲ್ಲಿ ಹೆಸರು ಹಾಕಿ ಕೈತೊಳೆದುಕೊಳ್ಳಬೇಡಿ. ಕನ್ನಡ ಸರಿಯಾಗಿ ಬರುವ ಕಡೆ ಬರೆದು, ಅದನ್ನು ಚಿತ್ರವಾಗಿ ಮಾಡಿ, ವಿಡಿಯೊ ಮೇಲೆ ಇಡಿ. ಅಕ್ಷರಗಳನ್ನು ಅಂಚಿಗೆ ಒತ್ತಬೇಡಿ, ಹಳೇ ಟಿ.ವಿ.ಗಳು ನಾಲ್ಕು ಅಂಚನ್ನೂ ನುಂಗುತ್ತವೆ.

ಬರೆಯುವಾಗ ಏನು ಮಾಡಬೇಕು? ಈ ಪತ್ರಿಕೆಯನ್ನೇ ನೋಡಿ. ಮೊದಲು ಸ್ಟೆನ್ಸಿಲ್ ಕೊರೆಯುತ್ತೇವೆ. ತಪ್ಪು ತಿದ್ದುವುದೆಲ್ಲ ಅಲ್ಲೇ. ಆಮೇಲೆ ಎಷ್ಟು ಪ್ರತಿ ಬೇಕೋ ಅಷ್ಟು ಉರುಳಿಸುತ್ತೇವೆ. ಡಿಸ್ಕಿಗೂ ಸ್ಟೆನ್ಸಿಲ್ ಇದೆ, ಐ.ಎಸ್.ಒ. ಇಮೇಜ್ ಅಂತಾರೆ. ನೇರ ಡಿಸ್ಕಿಗೆ ಬರೆಯದೆ ಮೊದಲು ಈ ಇಮೇಜ್ ಮಾಡಿಕೊಳ್ಳಿ. ವಿ.ಎಲ್.ಸಿ. ಪ್ಲೇಯರಿನಲ್ಲಿ ತೆರೆದು ಮೊದಲಿಂದ ಕೊನೆವರೆಗೆ ನೋಡಿ. ಸರಿ ಇದ್ದರೆ ಅದರಿಂದ ಹತ್ತು ಡಿಸ್ಕ್ ತೆಗೆಯಿರಿ. ಹೀಗೆ ಮಾಡಿದರೆ ಖಾಲಿ ಡಿಸ್ಕ್ ದಂಡವಾಗುವುದಿಲ್ಲ. ಡಿಸ್ಕ್ ಕೊಳ್ಳುವಾಗ ಡಿ.ವಿ.ಡಿ. ಮೈನಸ್-ಆರ್ ಕೇಳಿ, ಹಳೇ ಪ್ಲೇಯರುಗಳಿಗೆ ಅದು ಹೆಚ್ಚು ಒಗ್ಗುತ್ತದೆ. ಅಳಿಸಿ ಬರೆಯುವ ಆರ್.ಡಬ್ಲ್ಯು. ಬೇಡ. 16ರ ವೇಗದ ಡಿಸ್ಕನ್ನು 4 ಅಥವಾ 8ರಲ್ಲಿ ಬರೆಯಿರಿ. ‘ವೆರಿಫೈ’ ಅನ್ನುವುದಕ್ಕೆ ಟಿಕ್ ಹಾಕಿ. ಬರೆದದ್ದನ್ನು ಅದು ತಾನೇ ಓದಿ ಪರೀಕ್ಷೆ ಮಾಡುತ್ತದೆ. ‘ಫೈನಲೈಸ್’ ಮಾಡದೆ ಎತ್ತಬೇಡಿ. ಬಾಗಿಲು ಹಾಕದ ಡಿಸ್ಕ್ ಬೇರೆ ಪ್ಲೇಯರಿನಲ್ಲಿ ಓಡುವುದಿಲ್ಲ.

ಬರೆದ ಮೇಲೆ ಬಾಲ್ ಪೆನ್ನಿನಲ್ಲಿ ಗೀಚಬೇಡಿ, ಚೀಟಿ ಅಂಟಿಸಬೇಡಿ. ಮೆತ್ತನೆ ತುದಿಯ ಮಾರ್ಕರಿನಲ್ಲಿ ಊರು, ತಾರೀಖು, ಏನಿದೆ ಅಂತ ಬರೆಯಿರಿ. ಡಿಸ್ಕಿನೊಳಗೆ ಬರೆದ ಗುರುತು ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವ ಅದನ್ನು ತಿನ್ನುತ್ತವೆ. ಕಿಟಕಿಯ ಮೇಲೆ ಇಡಬೇಡಿ. ಡಬ್ಬಿಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಿ.

ಈಗ ಮುಖ್ಯ ಮಾತು. ಎಡಿಟ್ ಮಾಡಿದ ಡಿಸ್ಕ್ ಕತೆ ಹೇಳುತ್ತದೆ. ಸಾಕ್ಷಿ ಹೇಳುವುದು ಬೇರೆ. ಕೇರಳದ ಒಂದು ಚುನಾವಣಾ ಮೊಕದ್ದಮೆಯಲ್ಲಿ ಪ್ರಚಾರದ ಹಾಡು, ಭಾಷಣಗಳನ್ನು ಕಂಪ್ಯೂಟರಿಗೆ ಹಾಕಿ ಸಿ.ಡಿ. ಮಾಡಿ ಕೋರ್ಟಿಗೆ ಕೊಟ್ಟರು. ಅನ್ವರ್ ಮತ್ತು ಬಶೀರ್ ನಡುವಿನ ಆ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಸಾಕ್ಷ್ಯ ಕಾಯಿದೆಯ 65-ಬಿ ಪ್ರಕಾರದ ಪ್ರಮಾಣಪತ್ರ ಇಲ್ಲದ ಆ ಸಿ.ಡಿ.ಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಾಗದು ಎಂದಿತು. ಮೂಲವನ್ನೇ ಹಾಜರುಪಡಿಸಿದ್ದರೆ ಮಾತು ಬೇರೆ ಇತ್ತು ಎಂದೂ ಹೇಳಿತು. 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನಲ್ಲೂ ಪ್ರಮಾಣಪತ್ರ ಬೇಕು.

ನಮಗೆ ಇದರಿಂದ ಏನು ಪಾಠ? ಹೊಡೆದದ್ದನ್ನು, ಬೈದದ್ದನ್ನು, ಬಾವಿಗೆ ಇಳಿಯಗೊಡದ್ದನ್ನು ನೀವು ಹಿಡಿದಿದ್ದರೆ, ಅದಕ್ಕೆ ಹಾಡು ಹಾಕಿ, ಹೆಸರು ಹಾಕಿ ಡಿಸ್ಕ್ ಮಾಡಿ ಮೂಲವನ್ನು ಅಳಿಸಿಬಿಟ್ಟರೆ, ಕೈಯಲ್ಲಿದ್ದ ಕತ್ತಿಯನ್ನು ನೀವೇ ಕೆಸರಿಗೆ ಎಸೆದ ಹಾಗೆ. ಮೂಲ ಫೈಲನ್ನು ಒಂದಕ್ಷರ ಮುಟ್ಟದೆ ಬೇರೆ ಡಿಸ್ಕಿಗೆ ಡೇಟಾ ಆಗಿ ಬರೆದಿಡಿ. ತೆಗೆದ ಫೋನನ್ನೂ ಮೆಮೊರಿ ಕಾರ್ಡನ್ನೂ ಜೋಪಾನ ಮಾಡಿ, ವಕೀಲರನ್ನು ಕೇಳದೆ ಮಾರಬೇಡಿ. ಮುಂಬಯಿಯ ರಮಾಬಾಯಿ ನಗರದಲ್ಲಿ 1997ರಲ್ಲಿ ಗೋಲಿಬಾರಿಗೆ ಹತ್ತು ಜನ ಸತ್ತರು. ಅಲ್ಲಿಂದ ಚಿತ್ರಿಸಲು ಹಿಡಿದ ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಮುಗಿದು ಹೊರಬಂದದ್ದು 2011ರಲ್ಲಿ. ಹದಿನಾಲ್ಕು ವರ್ಷ! ಮೊದಲ ದಿನಗಳಲ್ಲಿ ಹಿಡಿದದ್ದು ಅಷ್ಟು ಕಾಲ ಕೆಡದೆ ಉಳಿದಿರಬೇಕಾಯಿತು. ನಮ್ಮ ಹದಿನಾಲ್ಕು ತಿಂಗಳ ಹಿಂದಿನದು ಎಲ್ಲಿದೆ, ಹುಡುಕಿ ನೋಡಿ.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. ಡಿಸ್ಕ್ ಕೊಟ್ಟ ಮೇಲೆ ವಾಪಸ್ ಕರೆಯಲಾಗದು. ಅದರಲ್ಲಿರುವ ಹೆಣ್ಣುಮಗಳು ನಾಳೆ ಅದೇ ಊರಲ್ಲಿ ನೀರಿಗೆ ಹೋಗಬೇಕು, ಅದೇ ಜಮೀನಿಗೆ ಕೂಲಿಗೆ ಹೋಗಬೇಕು. ನಾವು ಹಾಸ್ಟೆಲಿಗೆ ವಾಪಸ್ ಬಂದುಬಿಡುತ್ತೇವೆ. ಅವಳನ್ನು ಕೇಳಿ. ಎಡಿಟ್ ಆದದ್ದನ್ನು ಮೊದಲು ಅವಳಿಗೆ ತೋರಿಸಿ. ಬೇಡ ಅಂದ ಜಾಗ ಕತ್ತರಿಸಿ. ಲೈಂಗಿಕ ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಕಾನೂನಿನಲ್ಲೂ ಅಪರಾಧ. ನೋವಿಗೆ ಕ್ಯಾಮೆರಾ ಹಿಡಿದ ಮಾತ್ರಕ್ಕೆ ನೋವಿನ ಯಜಮಾನಿಕೆ ನಮ್ಮದಾಗುವುದಿಲ್ಲ.

ಡಿಸ್ಕ್ ಒಂದನ್ನೇ ನಂಬಿ ಅಂತ ನಾನು ಹೇಳುತ್ತಿಲ್ಲ. ಮೂರು ಕಡೆ ಇಡಿ: ಒಂದು ಡಿಸ್ಕಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಹಾಕಿ ನೋಡಿ. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸಿ. ಮುಂದೆ ಡಿಸ್ಕ್ ಸಿಗದೇ ಹೋದರೆ ಆಗ ಏನು ಬರುತ್ತದೋ ಅದಕ್ಕೆ ಇಳಿಸಿ. ಪೆಟ್ಟಿಗೆ ಬದಲಾಗಲಿ, ಒಳಗಿನದು ಉಳಿಯಲಿ.

ಹಾಸ್ಟೆಲಿಗೊಂದು ಡಿಸ್ಕ್ ಬರೆಯುವ ಡ್ರೈವ್ ಸಾಕು. ಯು.ಎಸ್.ಬಿ.ಗೆ ಸಿಕ್ಕಿಸುವಂಥದು ಸಿಗುತ್ತದೆ. ಹತ್ತು ಜನ ಕಾಸು ಹಾಕಿ ತನ್ನಿ. ಅದರ ಜೊತೆ ಒಂದು ನೋಟ್ ಪುಸ್ತಕ ಇಡಿ: ಡಿಸ್ಕಿನ ನಂಬರು, ತಾರೀಖು, ಊರು, ತೆಗೆದವರು, ಒಪ್ಪಿಗೆ ಕೊಟ್ಟವರು, ಮೂಲ ಎಲ್ಲಿದೆ. ಮೂರನೇ ವರ್ಷದವರು ಹೋಗುವ ಮುಂಚೆ ಮೊದಲ ವರ್ಷದವರಿಗೆ ಕಲಿಸಿ, ಪುಸ್ತಕ ಕೈಗೆ ಕೊಟ್ಟು ಹೋಗಲಿ. ಒಬ್ಬನಿಗೆ ಮಾತ್ರ ಗೊತ್ತಿರುವ ವಿದ್ಯೆ ಅವನ ಟ್ರಂಕಿನ ಜೊತೆಗೇ ಹಾಸ್ಟೆಲ್ ಬಿಡುತ್ತದೆ. ಮುಂದಿನ ಸಭೆಗೆ ಬರುವಾಗ ಬರೀ ಲಿಂಕ್ ತರಬೇಡಿ. ಒಂದು ಡಿಸ್ಕ್ ತನ್ನಿ, ಅದನ್ನು ಯಾರ ಮನೆಯಲ್ಲಿ ಓಡಿಸಿ ನೋಡಿದಿರಿ ಅಂತ ಹೇಳಿ.