ನಗರಕ್ಕೆ ಅಂಕ ಕೊಡುವ ಮೊದಲು

ಒಂಬತ್ತನೆಯ ತರಗತಿಗೆ ‘ಸುಸ್ಥಿರ ಅಭಿವೃದ್ಧಿ’ಯ ಪಾಠ ಮಾಡುತ್ತಿದ್ದೆ. ಹಲಗೆಯ ಮೇಲೆ ಆ ಎರಡು ಶಬ್ದ ಬರೆದು ಮುಗಿಯುವುದರೊಳಗೆ ಕರೆಂಟು ಹೋಯಿತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಅಕ್ಕೋರೆ, ಡ್ಯಾಮು ನಮ್ಮೂರಲ್ಲೇ ಉಂಟಲ್ಲ, ಕರೆಂಟು ಎಲ್ಲಿಗೆ ಹೋಯ್ತು?” ತರಗತಿ ನಕ್ಕಿತು. ನಾನೂ ನಕ್ಕೆ. ಉತ್ತರ ಪುಸ್ತಕದಲ್ಲಿರಲಿಲ್ಲ.

ನಗರವೆಂದರೇನೆಂದು ಗೇರುಸೊಪ್ಪದವರಿಗೆ ಯಾರೂ ಕಲಿಸಬೇಕಾಗಿಲ್ಲ. ಚೆನ್ನಭೈರಾದೇವಿ ಆಳಿದ, ಕಾಳುಮೆಣಸಿನಿಂದ ಮೆರೆದ ಪಟ್ಟಣವಿದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ದಾರಿಯಲ್ಲಿ ಹೋದಾಗಲೇ ಇದು ಹಾಳುಬಿದ್ದು ಕಾಡು ಬೆಳೆದಿತ್ತು. ಚತುರ್ಮುಖ ಬಸದಿ ಉಳಿದಿದೆ. ನಗರಬಸ್ತಿಕೇರಿ ಎಂಬ ಹೆಸರಿನಲ್ಲಿ ‘ನಗರ’ವೂ ಉಳಿದಿದೆ ಅನ್ನಿ.

ಇಂದಿನ ನಗರಗಳನ್ನು ಅಳೆಯಲು ಸೂಚ್ಯಂಕಗಳುಂಟು. 2021ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರು ಪ್ರಥಮ. ಸುಸ್ಥಿರತೆಗೇ ನೂರರಲ್ಲಿ 20 ಅಂಕ. 2024ರ ಬೇಸಿಗೆಯಲ್ಲಿ ಅದೇ ಊರಿನ ಜನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿದ್ದರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಪಕ್ಕದವನದನ್ನು ನೋಡಿ ಬರೆದದ್ದಕ್ಕೆ ಅಂಕ ಕೊಟ್ಟವಳಲ್ಲ. ಗಡಿಯೊಳಗಿನದನ್ನಷ್ಟೇ ಎಣಿಸಿ, ನೀರು ಎಲ್ಲಿಯದು, ವಿದ್ಯುತ್ತು ಎಲ್ಲಿಯದು ಎಂದು ಕೇಳದಿದ್ದರೆ ಅದೆಂಥ ಮೌಲ್ಯಮಾಪನ?

2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತೆದ್ದಿತು. ಸುಮಾರು 550 ಮೀಟರ್ ಎತ್ತರದಲ್ಲಿರುವ ನೀರನ್ನು 900 ಮೀಟರಿನ ಊರಿಗೆ ಏರಿಸಬೇಕು. ಏರಿಸಲು ವಿದ್ಯುತ್ತು ಬೇಕು. ಅದೇ ನೀರು ಇತ್ತ ಇಳಿದಿದ್ದರೆ ವಿದ್ಯುತ್ತು ಕೊಡುತ್ತಿತ್ತು! ಜುಲೈ 10ರಂದು ಶಿವಮೊಗ್ಗದವರು ಬಂದ್ ಮಾಡಿದರು. ಧರ್ಮಾಂಬುಧಿ ಕೆರೆಯನ್ನು ಬಸ್‌ನಿಲ್ದಾಣ ಮಾಡಿಕೊಂಡವರು, ಸಂಪಂಗಿ ಕೆರೆಯನ್ನು ಕ್ರೀಡಾಂಗಣ ಮಾಡಿಕೊಂಡವರು ನಮ್ಮ ಹೊಳೆಯ ಲೆಕ್ಕ ಹಾಕುತ್ತಾರೆ.

ಅದರ ಬೆನ್ನಿಗೇ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಗೇರುಸೊಪ್ಪದ ಜಲಾಶಯದಿಂದ ತಲಕಳಲೆಗೆ ನೀರೆತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ಎತ್ತಲು ತಗಲುವ ವಿದ್ಯುತ್ತು, ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಹಗಲಿನ ಸೌರಶಕ್ತಿಯನ್ನು ಸಂಜೆಗೆ ಉಳಿಸಿಡುವ ಉಪಾಯವೆನ್ನುತ್ತಾರೆ, ಉಪಾಯ ಸುಳ್ಳಲ್ಲ. ಆದರೆ ಸುರಂಗ ಕೊರೆಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ; ಬೀಳುವ ಮರ 16 ಸಾವಿರಕ್ಕೂ ಮಿಕ್ಕಿ. ಬೆಳಗುವ ದೀಪ ಎಲ್ಲಿಯದೆಂದು ಬೇರೆ ಹೇಳಬೇಕೆ?

2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ವಿರೋಧಿಸಿದರು. ‘ಇವರು ಅಭಿವೃದ್ಧಿಗೆ ಅಡ್ಡ’ ಎಂಬ ಮಾತು ಆಮೇಲೆ ಬಸ್ಸಿನಲ್ಲಿಯೂ ನನ್ನ ಕಿವಿಗೆ ಬಿತ್ತು. ನನ್ನ ಮಗನೂ ಬೆಂಗಳೂರಿನಲ್ಲೇ ದುಡಿದು ಉಣ್ಣುತ್ತಾನೆ. ನಗರವನ್ನು ಬೈಯುವ ಚಟ ನನಗಿಲ್ಲ. ನಾನು ಕೇಳುವುದು ಇಷ್ಟೇ: ಇನ್ನೊಂದು ಅಹವಾಲು ಸಭೆ ಬೆಂಗಳೂರಿನಲ್ಲಿ ನಡೆಯಲಿ. ಎಷ್ಟು ಬೇಕು, ಯಾತಕ್ಕೆ ಬೇಕು, ತಮ್ಮ ಚಾವಣಿಯ ಬಿಸಿಲಿನಿಂದ, ಮಳೆನೀರಿನಿಂದ ಎಷ್ಟು ಸಾಧ್ಯ ಎಂದು ಅಲ್ಲಿಯವರೂ ಎದ್ದು ನಿಂತು ಹೇಳಲಿ. ನಗರದ ಯೋಜನೆ ಬರೆಯುವವರು ಆ ಲೆಕ್ಕವನ್ನು ಮೊದಲ ಪುಟದಲ್ಲೇ ಬರೆಯಲಿ. ಹಿಂದಿನ ಬೆಂಚಿನ ಆ ಹುಡುಗನನ್ನು ನಾನೇ ಖರ್ಚು ಹಾಕಿ ಬಸ್ಸು ಹತ್ತಿಸಿ ಕರೆತರುತ್ತೇನೆ. ಅವನ ಪ್ರಶ್ನೆ ಇನ್ನೂ ಹಾಗೆಯೇ ಇದೆ.