ರಸ್ತೆಯಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು?

"ಬೆಂಗಳೂರಿನ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ" ಅನ್ನೋ ಉಪದೇಶ ವಾರಕ್ಕೊಂದ್ಸಲ ವಾಟ್ಸಾಪಿಗೆ ಬರ್ತದೆ. ಬರೆಯೋರು ಹೆಚ್ಚಿನಂಶ ಕಾರಿನೊಳಗೆ ಕೂತವರು. ಆಟೋದವನು ಅಡ್ಡ ಬರ್ತಾನೆ, ಡೆಲಿವರಿ ಹುಡುಗ ಸಂದಿಯಲ್ಲಿ ನುಗ್ತಾನೆ, ನಡ್ಕೊಂಡು ಹೋಗೋರು ಎಲ್ಲಂದ್ರಲ್ಲಿ ದಾಟ್ತಾರೆ, ಹಳ್ಳಿಯಿಂದ ಬಂದವರಿಗೆ ರಸ್ತೆ ಗೊತ್ತಿಲ್ಲ. ಕೊನೆಗೆ "ಎಲ್ಲದಕ್ಕೂ ಸಂಸ್ಕಾರ ಬೇಕು" ಅಂತ ಒಂದು ಮುಕ್ತಾಯ.

ಸಂಸ್ಕಾರದ ಪಾಠ ನಮಗೆ ಬೇಡ ಸ್ವಾಮಿ. ಈ ದೇಶದಲ್ಲಿ ನಮ್ಮ ಜನರನ್ನು ಬೀದಿಯಲ್ಲಿ ನಡೆಯೋದಕ್ಕೂ ಬಿಡದೆ ಇದ್ದವರು ಇದೇ ಸಂಸ್ಕಾರವಂತರು. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯಂಕಾಳಿ ಎತ್ತಿನ ಗಾಡಿ ಹೂಡಿಕೊಂಡು ಸಾರ್ವಜನಿಕ ರಸ್ತೆಗೆ ಇಳಿದದ್ದೇ ಒಂದು ಬಂಡಾಯ ಆಗಿತ್ತು. 1924ರ ವೈಕಂ ಸತ್ಯಾಗ್ರಹ ಕೇಳಿದ್ದು ಗುಡಿ ಒಳಗೆ ಹೋಗೋ ಹಕ್ಕನ್ನಲ್ಲ, ಗುಡಿ ಸುತ್ತಲಿನ ರಸ್ತೆಯಲ್ಲಿ ನಡೆಯೋ ಹಕ್ಕನ್ನು. ಅಷ್ಟಕ್ಕೇ ಪೆರಿಯಾರ್ ಜೈಲಿಗೆ ಹೋಗಬೇಕಾಯ್ತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಸಿ ಬರೆದಿರೋದು ಸುಮ್ಮನೆ ಅಲ್ಲ. ಗುಜರಾತ್, ರಾಜಸ್ಥಾನದಲ್ಲಿ ದಲಿತ ಮದುಮಗ ಕುದುರೆ ಏರಿ ಊರ ಬೀದಿಗೆ ಬಂದ್ರೆ ಕಲ್ಲು ಬೀಳೋ ಸುದ್ದಿ ಇವತ್ತಿಗೂ ಓದ್ತಾ ಇದ್ದೀವಿ.

ಆದ್ದರಿಂದ ರಸ್ತೆಯಲ್ಲಿ ಮರ್ಯಾದೆ ಅಂದ್ರೆ ನಮಗೆ ಒಂದೇ ಪ್ರಶ್ನೆ: ಯಾರು ಯಾರಿಗೆ ದಾರಿ ಬಿಡ್ತಾ ಇದ್ದಾರೆ?

ಬೆಳಿಗ್ಗೆ ಒಂಬತ್ತು ಗಂಟೆಗೆ ಯಾವ ಸರ್ಕಲ್ಲಿಗಾದ್ರೂ ಹೋಗಿ ನೋಡಿ. ದೊಡ್ಡ ಕಾರಿಗೆ ಸಣ್ಣ ಕಾರು ಸರಿಯಬೇಕು, ಸಣ್ಣ ಕಾರಿಗೆ ಬೈಕು, ಬೈಕಿಗೆ ಸೈಕಲ್ಲು. ಎಲ್ಲರಿಗೂ ಸರಿಯಬೇಕಾದವನು ನಡ್ಕೊಂಡು ಹೋಗೋನು. ಈ ಏಣಿ ಎಲ್ಲೋ ನೋಡಿದ ಹಾಗಿದೆ ಅಲ್ವಾ? ಹಿಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಜಾತಿ ಹೆಸರು ಬರೆಸ್ಕೊಂಡು ಓಡಾಡೋದು ಯಾಕೆ? ಹಿಂದಿನವರು ಓದಿ ಹುಷಾರಾಗಲಿ ಅಂತ ತಾನೇ? 2017ರ ಮೇ 1ರಿಂದ ಗೂಟದ ಕಾರು ನಿಂತಿತು. ಗೂಟ ಹೋಯ್ತು, ಗತ್ತು ಹೋಗಲಿಲ್ಲ.

ಮಾತಲ್ಲೂ ಅದೇ. ದೊಡ್ಡ ಕಾರು ತಾಗಿಸಿದವನಿಗೆ "ಏನ್ ಸಾರ್, ನೋಡ್ಕೊಂಡು ಬರಬಾರ್ದಾ?" ಅಂತಾರೆ. ಟಾಟಾ ಏಸ್ ಓಡಿಸೋನಿಗೆ "ಲೇ, ಇಳಿಯೋ ಕೆಳಗೆ!" ತಪ್ಪು ಒಂದೇ, ವಚನ ಬೇರೆ. ಜಗಳ ಏರಿದ್ರೆ ಜಾತಿ ಹೆಸರೂ ಬಾಯಿಗೆ ಬರುತ್ತೆ. ಪರಿಶಿಷ್ಟರನ್ನ ಜನರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅಪರಾಧ. ರಸ್ತೆಗಿಂತ ಜನರ ಕಣ್ಣೆದುರಿನ ಜಾಗ ಯಾವುದಿದೆ? ಅಂಥದ್ದು ನೋಡಿದವರು ಗಾಡಿ ನಿಲ್ಲಿಸಿ, ಸಾಕ್ಷಿ ಹೇಳಿ.

ಬೆಳಗಿನ ಜಾವ ರಸ್ತೆ ಅಂಚಿನಲ್ಲಿ ಪೊರಕೆ ಹಿಡಿದು ನಿಂತಿರೋ ಪೌರಕಾರ್ಮಿಕ ತಾಯಂದಿರನ್ನ ನೋಡಿ. ಬಹುಪಾಲು ನಮ್ಮವರೇ. ಅವರ ಬೆನ್ನಿಗೇ ಹೈಬೀಮ್ ಹಾಕಿ ಹಾರ್ನ್ ಹೊಡೆಯೋರಿದ್ದಾರೆ. ವೇಗ ಇಳಿಸಿ ಒಂದು ಮಾರು ಪಕ್ಕಕ್ಕೆ ಹೋಗೋದಕ್ಕೆ ಎಷ್ಟು ಹೊತ್ತು ಬೇಕು? ಗೊರಗುಂಟೆಪಾಳ್ಯ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗೋ ಹೆಣ್ಮಕ್ಕಳು ಊಟದ ಡಬ್ಬಿ ಎದೆಗವಚಿಕೊಂಡು ಓಡಿ ರಸ್ತೆ ದಾಟ್ತಾರೆ. ಗಾಡಿ ನಿಲ್ಲೋದಿಲ್ಲ ಅಂತ ಗೊತ್ತಿರೋದಕ್ಕೇ ಆ ಓಟ. ಅದನ್ನೇ ನೋಡಿ "ಶಿಸ್ತಿಲ್ಲ" ಅಂತೀರಿ.

ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗಲ್ಲಿ ಮೊದಲ ಹಕ್ಕು ನಡೆಯೋರದ್ದು ಅಂತ 2017ರ ವಾಹನ ಚಾಲನಾ ನಿಯಮಗಳೇ ಹೇಳ್ತವೆ. ಆದ್ದರಿಂದ ನಿಂತು "ಹೋಗಮ್ಮಾ ಹೋಗು" ಅಂತ ದಾನಶೂರರ ಥರ ಕೈ ಆಡಿಸಬೇಡಿ. ಅವರ ಹಕ್ಕು ಅವರಿಗೆ ಬಿಟ್ಟಿದ್ದೀರಿ, ಅಷ್ಟೇ. ಆಂಬುಲೆನ್ಸಿಗೆ ದಾರಿ ಬಿಡದಿದ್ರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ 2019ರ ತಿದ್ದುಪಡಿಯಲ್ಲಿದೆ. ಸರ್ಕಾರದ ಕಥೆಯೂ ಇದೇ. ಕಾರಿಗೆ ಮೇಲ್ಸೇತುವೆ, ಸುರಂಗ ರಸ್ತೆ. ಕಾಲಿಗೆ? ಚಪ್ಪಡಿ ಕಿತ್ತ ಫುಟ್‌ಪಾತ್, ಅದರ ಮೇಲೂ ಬೈಕು.

ಈಗ ನಮ್ಮ ಹುಡುಗರಿಗೆ ಒಂದು ಮಾತು. ಬಾಬಾಸಾಹೇಬರ ಸ್ಟಿಕ್ಕರ್ ಅಂಟಿಸ್ಕೊಂಡು ರಾಂಗ್ ಸೈಡಲ್ಲಿ ಬರೋದು, ಏಪ್ರಿಲ್ 14ಕ್ಕೆ ನೀಲಿ ಬಾವುಟ ಕಟ್ಟಿ ಆಸ್ಪತ್ರೆ ಮುಂದೆ ಸೈಲೆನ್ಸರ್ ಸಿಡಿಸೋದು ನಡೀತಾ ಇದೆ. "ಅವರು ಮೆರೆದಾಗ ಕೇಳದೋರು ನಮ್ಮನ್ನೇ ಕೇಳ್ತೀರಾ ಅಣ್ಣಾ?" ಅಂತೀರಿ. ಹೌದಪ್ಪಾ, ನಿಮ್ಮನ್ನೇ ಕೇಳ್ತೀನಿ. ಅವರ ಹಾಗೇ ಮೆರೆಯೋದಾದ್ರೆ ಬಾಬಾಸಾಹೇಬರ ಫೋಟೋ ಯಾಕೆ ಬೇಕು? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಮೂರನ್ನೂ ಬೇರೆ ಮಾಡೋಕಾಗಲ್ಲ ಅಂದ್ರು. ನಿಮ್ಮ ಬೈಕಿಗೆ ಹೆದರಿ ಪಕ್ಕಕ್ಕೆ ಹಾರೋ ಮುದುಕಿ ನಮ್ಮ ಕೇರಿಯವಳೇ ಆಗಿರ್ತಾಳೆ.

ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡೋಣ. ಜೀಬ್ರಾ ಮೇಲೆ ಗಾಡಿ ನಿಲ್ಲಿಸಬೇಡಿ. ಫುಟ್‌ಪಾತ್ ಹತ್ತಬೇಡಿ. ಸ್ಟಾಪಿಂದ ಹೊರಡೋ ಬಿಎಂಟಿಸಿ ಬಸ್ಸಿಗೆ ಜಾಗ ಬಿಡಿ. ಮಳೆ ನೀರು ನಿಂತಲ್ಲಿ ನಿಧಾನ ಹೋಗಿ. ಆಟೋದವರಿಗೂ ಡೆಲಿವರಿ ಹುಡುಗರಿಗೂ ಬಹುವಚನ ಕೊಡಿ. ನಮ್ಮ ಸಂಘಟನೆಗಳು ಮುಂದಿನ ಜಯಂತಿ ಮೆರವಣಿಗೆಯಲ್ಲಿ ಆಂಬುಲೆನ್ಸಿಗೆ ಅಂತ ಒಂದು ಬದಿ ಖಾಲಿ ಬಿಟ್ಟು ಹಗ್ಗ ಕಟ್ಟಬೇಕು. ಯಾರ್ಯಾರು ಸ್ವಯಂಸೇವಕರಾಗಿ ನಿಲ್ತೀರಿ, ಕೆಳಗೆ ಹೆಸರು ಬರೀರಿ.

ಜೈ ಭೀಮ್.