ಸಿಕ್ಕಿದ್ದಲ್ಲ, ಇದ್ದದ್ದು

ಪುಸ್ತಕದ ಹುಚ್ಚಿನವರು ನಾಲ್ಕು ಜನ ಕೂಡಿದರೆ ಮೊದಲು ಬರುವ ಮಾತು, 'ನನಗೇನು ಸಿಕ್ಕಿತು ಗೊತ್ತೇ?' ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಮುದ್ರಣವೊಂದು ಕೈಗೆ ಬಂದರೆ ಆ ಮಾತಿಗೆ ಅರ್ಥವಿದೆ. ಯಾರೋ ತೂಕಕ್ಕೆ ಹಾಕಿದ್ದನ್ನು ಇನ್ನೊಬ್ಬರು ರೊಕ್ಕ ಕೊಟ್ಟು ತಂದರು, ಯಾರಿಗೂ ನಷ್ಟವಿಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬಂದವರು ಅದೇ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ನಮ್ಮಲ್ಲಿ ಅಪರೂಪದ ಪುಸ್ತಕವೆಂದರೆ ಅಚ್ಚಾದದ್ದಲ್ಲ, ತತ್ವಪದದ ವಹಿ. ಭಜನೆಗೆ ಕೂಡುವವರು ಬರೆದುಕೊಂಡದ್ದು; ಅಪ್ಪನ ವಹಿ ಹರಿದಾಗ ಮಗ ನಕಲು ಮಾಡಿದ್ದು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೆ, ಈಗ ಯಡ್ರಾಮಿ ತಾಲೂಕಿಗೆ ಸೇರಿದ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ಇವರ ಪದಗಳು ಉಳಿದದ್ದು ಜನರ ಬಾಯಲ್ಲಿ ಮತ್ತು ಇಂಥ ವಹಿಗಳಲ್ಲಿ. 1948ರವರೆಗೆ ನಿಜಾಮನ ಆಡಳಿತದಲ್ಲಿ ಶಾಲೆ ಕಚೇರಿಗಳಲ್ಲೆಲ್ಲ ಉರ್ದು ನಡೆದ ಸೀಮೆ ಇದು. ಇಲ್ಲಿ ಕನ್ನಡದ ಅಕ್ಷರವನ್ನು ಮನೆಯೊಳಗೆ ಉಳಿಸಿದವರಲ್ಲಿ ಈ ವಹಿ ಬರೆದವರೂ ಸೇರಿದ್ದಾರೆ.

ಈಗ ಶೋಧಕರು ಬರುತ್ತಾರೆ. 'ಎರಡು ದಿನ ಇಟ್ಟುಕೊಂಡು ಕೊಡ್ತೀವಿ' ಎನ್ನುತ್ತಾರೆ. ನಮ್ಮ ಮನೆಯ ವಹಿಯೂ ಹಾಗೆಯೇ ಹೋಯಿತು. 'ಆ ಸಾಹೇಬ್ರು ವಹಿ ತಂದ್ರೇನಪಾ?' ಎಂದು ನಮ್ಮ ಕಾಕಿ ಕೇಳುತ್ತಲೇ ಇದ್ದಾಳೆ. ಸಾಹೇಬರಿಗೆ ಅದು 'ಅಪ್ರಕಟಿತ ಹಸ್ತಪ್ರತಿಯ ಶೋಧ'ವಾಯಿತು. ನಮ್ಮ ಮೇಳದ ಹುಡುಗರು ಮಾತ್ರ ಮೊದಲ ನುಡಿ ಹಾಡಿ ನಿಂತುಬಿಡುತ್ತಾರೆ. ಮುಂದಿನ ನುಡಿ ಬಲ್ಲ ಹಿರಿಯರು ತೀರಿಹೋದರು, ನೋಡಿ ಹಾಡಲು ವಹಿಯಿಲ್ಲ.

'ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತಿತ್ತಲ್ಲ?' ಎಂದು ಕೇಳುವವರಿದ್ದಾರೆ. ನಿಜ, ತಿನ್ನುತ್ತದೆ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕೂಡಿಸದಿದ್ದರೆ ಎಷ್ಟೋ ವಚನಗಳು ನಮಗೆ ಸಿಗುತ್ತಿರಲಿಲ್ಲ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಕೂಡಿಸಿದ್ದೂ ಅಂಥದೇ ಕೆಲಸ. ಆದರೆ ಒಬ್ಬರು 1923ರಲ್ಲಿ, ಇನ್ನೊಬ್ಬರು 1924ರಲ್ಲಿ, ಕೂಡಿಸಿದ್ದನ್ನು ಅಚ್ಚು ಹಾಕಿ ಜನರ ಕೈಗಿಟ್ಟರು. ಕಪಾಟಿನಲ್ಲಿಟ್ಟು ಕೀಲಿ ಹಾಕುವವರು ಅವರ ಹೆಸರು ಹೇಳಬಾರದು. ಆ ಕಪಾಟಿಗೂ ಗೆದ್ದಲಿಗೂ ಏನು ಅಂತರ?

ಇನ್ನೊಂದು ಅನ್ಯಾಯವಿದೆ. ಜೇವರ್ಗಿ ಕಡೆ ಹಾಡುವ ಪದಕ್ಕೆ ಆಳಂದ ಕಡೆ ಒಂದು ನುಡಿ ಹೆಚ್ಚಿರಬಹುದು, ಒಂದು ಮಾತು ಬೇರೆಯಿರಬಹುದು. ಕೈಗೆ ಬಂದ ಒಂದೇ ವಹಿಯನ್ನು 'ಶುದ್ಧ ಪಾಠ' ಎಂದು ಸಾರಿದರೆ, ಉಳಿದ ಊರಿನವರು ತಲೆಮಾರಿನಿಂದ ಹಾಡಿದ್ದು ತಪ್ಪಾಗಿಬಿಡುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ. ಕಟ್ಟೆಯ ಮೇಲೆ ಕುಳಿತು ಹಾಳೆ ಹಾಳೆ ಫೋಟೊ ತೆಗೆದುಕೊಳ್ಳಿ, ವಹಿಯನ್ನು ಅಲ್ಲಿಯೇ ಬಿಡಿ. ಬರೆದವರ ಹೆಸರು, ಊರು, ಮೇಳ ನಮೂದಿಸಿ. ಪುಸ್ತಕವಾದರೆ ಒಂದು ಪ್ರತಿಯನ್ನು ಆ ಮನೆಗೂ ಇನ್ನೊಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಕೊಡಿ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಆಳಂದ ತಾಲೂಕಿನ ಕಡಗಂಚಿಗೆ ಬಂದಿದೆ. ಇಂಥ ಫೋಟೊಗಳನ್ನು ಕಾದಿಡಲು ದೂರ ಹೋಗಬೇಕಿಲ್ಲ.

ಹಾಡುವವರ ಮನೆಯಲ್ಲಿದ್ದ ವಹಿ ಕಳೆದುಹೋದದ್ದಲ್ಲ. ಅದು 'ಸಿಕ್ಕಿತು' ಎನ್ನುವವರು, ಕೊಟ್ಟವರು ಯಾರೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಲಿ.